ಗಾಳಿಕೋವಿಯ ವಾಶರ್

ಮಾವನ ಗಾಳಿಕೋವಿಯನ್ನು ರಿಪೇರಿ ಮಾಡಿದ್ದು ನಾನು. ಮನೆಗೆ ಬಂದವರ ಮುಂದೆಲ್ಲ ಮಾವ ಅದನ್ನು ಹೇಳಿ ಹೇಳಿ ನನ್ನನ್ನು ಅಟ್ಟಕ್ಕೇರಿಸುತ್ತಿದ್ದರು. ಅವರು ಶುರುಮಾಡಿದ ಕೂಡಲೇ ನಾನು ಏನಾದರೊಂದು ನೆಪ ತೆಗೆದು ಒಳಗೆ ಹೋಗಿಬಿಡುತ್ತಿದ್ದೆ. ಸೊಸೆಗೆ ಸಂಕೋಚ ಜಾಸ್ತಿ ಅಂತ ಜನ ಅಂದುಕೊಂಡರು. ಸಂಕೋಚ ಗಿಂಕೋಚ ಎಂಥದೂ ಇರಲಿಲ್ಲ ಮಾರಾಯ್ರೆ. ನಾನು ಬಾಯಿಬಡುಕಿ. ಆ ಕೋವಿಯ ಮಾತು ಬಂದಾಗ ಮಾತ್ರ ನನಗೆ ಮುಖ ತೋರಿಸಲು ಆಗುತ್ತಿರಲಿಲ್ಲ, ಅಷ್ಟೇ.

ನಾನು ಮದುವೆಯಾಗಿ ಉಡುಪಿ ಕಡೆಯಿಂದ ಮದರಾಸಿಗೆ ಬಂದದ್ದು ಐವತ್ತರ ದಶಕದ ಕೊನೆಗೆ. ಟಿ. ನಗರದಲ್ಲಿ ಮನೆ. ಮುಂದೆ ಜಗಲಿ, ಹಿಂದೆ ಬಾವಿ, ಮೇಲೆ ವಿಶಾಲವಾದ ತಾರಸಿ. ಮನೆಯಲ್ಲಿ ನಾವು ನಾಲ್ಕೇ ಜನ, ಮಾವ, ಅತ್ತೆ, ನನ್ನ ಗಂಡ, ನಾನು. ಗಂಡ ಇನ್ಶೂರೆನ್ಸ್ ಆಫೀಸಿನಲ್ಲಿ, ಮಾವ ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಹಡಗು ಕಂಪನಿಯಲ್ಲಿ ಹಿರೇ ಗುಮಾಸ್ತರು. ಅಲ್ಲಿದ್ದ ಬಿಳಿ ದೊರೆ ಕೊನೆಗೊಮ್ಮೆ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ, ಬೇರೆ ಗುಮಾಸ್ತರಿಗೆ ಕುರ್ಚಿ, ಮೇಜು, ಗಡಿಯಾರ ಹಂಚಿ, ಮಾವನಿಗೆ ಈ ಕೋವಿಯನ್ನು ಕೊಟ್ಟನಂತೆ. "ಈರುಳ್ಳಿ ಸಹ ತಿನ್ನದ ಮನುಷ್ಯನಿಗೆ ಕೋವಿ ಕೊಟ್ಟ ಆ ಪುಣ್ಯಾತ್ಮ!" ಅಂತ ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಅದು ಮದ್ದಿನ ಕೋವಿಯಲ್ಲ. ನಳಿಗೆಯ ಕೆಳಗೆ ಒಂದು ಹಿಡಿಕೆ ಇತ್ತು. ಅದನ್ನು ಹೊರಗೆಳೆದು ಒಳಗೊತ್ತಿದರೆ ಸೈಕಲ್ ಪಂಪಿನ ಹಾಗೆ ಒಂದು ಕೋಣೆಯೊಳಗೆ ಗಾಳಿ ತುಂಬುತ್ತದೆ. ಎಂಟು ಹತ್ತು ಸಲ ಒತ್ತಿ, ಸೀಸದ ಒಂದು ಕಾಳು ಹಾಕಿ, ಬೆರಳಿನಿಂದ ಕುದುರೆ ಎಳೆದರೆ ಆ ಗಾಳಿಯೆಲ್ಲ ಒಮ್ಮೆಗೇ ನುಗ್ಗಿ ಕಾಳನ್ನು ಹಾರಿಸುತ್ತದೆ. ಭಾನುವಾರ ಬೆಳಿಗ್ಗೆ ಮಾವ ಪಂಚೆ ಎತ್ತಿ ಕಟ್ಟಿ ತಾರಸಿಗೆ ಹೋಗಿ, ಖಾಲಿ ಪೌಡರ್ ಡಬ್ಬಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಟಣ್ ಅನ್ನಿಸುತ್ತಿದ್ದರು. ಆ ಸದ್ದಿಗೆ ನಾವು ಅಲ್ಲಿ ಒಣಹಾಕಿದ ಹಪ್ಪಳದ ಹತ್ತಿರ ಕಾಗೆ ಸುಳಿಯುತ್ತಿರಲಿಲ್ಲ. ಒಂದು ಜೀವಕ್ಕೂ ಅವರು ಗುರಿ ಇಟ್ಟವರಲ್ಲ. ಅಕ್ಕಪಕ್ಕದ ತಾರಸಿಯವರು "ಸಬಾಷ್ ಸಾರ್!" ಅನ್ನಬೇಕು, ಅದಷ್ಟೇ ಅವರಿಗೆ ಬೇಕಾದದ್ದು.

ಒಂದು ಬೇಸಿಗೆಯಲ್ಲಿ ಕೋವಿಗೆ ದಮ್ಮು ಹೋಯಿತು. ಹತ್ತಲ್ಲ, ಇಪ್ಪತ್ತು ಸಲ ಒತ್ತಿದರೂ ಕಾಳು ನಳಿಗೆಯ ಬಾಯಿಂದ ಪುಸಕ್ಕನೆ ಜಾರಿ ಮಾವನ ಕಾಲ ಬುಡದಲ್ಲೇ ಬೀಳುತ್ತಿತ್ತು. ಪಕ್ಕದ ತಾರಸಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ಗಂಡ ಅದನ್ನು ಹೊದಿಕೆಯಲ್ಲಿ ಸುತ್ತಿ ಮೌಂಟ್ ರೋಡಿಗೆ ಒಯ್ದರು. ಅಂಗಡಿಯವ ನೋಡಿ, ಇದರ ಬಿಡಿಭಾಗ ನಮ್ಮಲ್ಲಿಲ್ಲ, ಅಮೆರಿಕಕ್ಕೆ ಬರೆಯಬೇಕು ಅಂದನಂತೆ. ಅಲ್ಲಿಗೆ ಅದು ಬೀರುವಿನ ಹಿಂದೆ ಸೇರಿತು. ಮಾವನ ಭಾನುವಾರಗಳು ಸಪ್ಪೆಯಾದವು. ಪೇಪರ್ ಓದುವುದು, ಆಕಳಿಸುವುದು, ಅತ್ತೆಯ ಹತ್ತಿರ ಬೈಸಿಕೊಳ್ಳುವುದು.

ನನಗೆ ಆ ಕೋವಿಯ ಮೇಲೆ ಕಣ್ಣು ಬಿದ್ದದ್ದು ಆಗ. ನನ್ನ ಅಪ್ಪ ಊರಲ್ಲಿ ಸಣ್ಣದೊಂದು ಕಾಫಿ ಹೋಟೆಲ್ ಇಟ್ಟಿದ್ದರು. ನಾಲ್ಕು ಪಂಪ್ ಸ್ಟವ್‌ಗಳು ಬೆಳಗಿನಿಂದ ಭರ್ರೆಂದು ಉರಿಯುತ್ತಿದ್ದವು. ದಿನಕ್ಕೊಂದು ಕೈಕೊಡುತ್ತಿತ್ತು. ಅವುಗಳ ಹೊಟ್ಟೆ ಬಿಚ್ಚಿ ಮುಚ್ಚುವುದರಲ್ಲೇ ನಾನು ದೊಡ್ಡವಳಾದದ್ದು. ಪಂಪ್ ಒತ್ತಿದರೆ ಹಿಡಿ ತಾನಾಗಿ ಮೇಲೆ ಬಂದರೆ ಒಳಗಿನ ಕವಾಟದಲ್ಲಿ ಕಸ ಕೂತಿದೆ ಅಂತ ಅರ್ಥ. ಒತ್ತಿದ್ದೇ ಗೊತ್ತಾಗದೆ ಸಡಿಲವಾಗಿ ಹೋದರೆ ವಾಶರ್ ಒಣಗಿದೆ. ಇಷ್ಟು ತಿಳಿದವಳಿಗೆ ಒಂದು ಕೋವಿ ಯಾವ ಲೆಕ್ಕ? ನನಗೆ ಆಗ ಇಪ್ಪತ್ತೆರಡು ವರ್ಷ. ಆ ಮನೆಯಲ್ಲಿ ನನಗೆ ಬರುವ ಒಂದೇ ಒಂದು ವಿದ್ಯೆ ಅದು. ಅಡುಗೆಯಲ್ಲಿ ಅತ್ತೆಯ ಕಿರುಬೆರಳಿಗೂ ನಾನು ಸಾಟಿಯಲ್ಲ. ಹಾಗಾಗಿ ಹಮ್ಮು ಬಂತು, ಏನು ಮಾಡುವುದು.

"ಮಾವ, ನಾನೊಮ್ಮೆ ನೋಡಲಾ?" ಅಂದೆ.

"ನೋಡು ಮಾರಾಯ್ತಿ. ಸತ್ತದ್ದನ್ನು ಇನ್ನೊಮ್ಮೆ ಸಾಯಿಸಲು ಆಗುವುದಿಲ್ಲ" ಅಂದರು.

ತಾರಸಿಯಲ್ಲಿ ಚಾಪೆ ಹಾಸಿ ಕೂತೆ. ಮೊದಲು ಕಾಳಿಲ್ಲದೆ ಹಿಡಿಕೆ ಒತ್ತಿ, ನಳಿಗೆಯ ಬಾಯಿಗೆ ಹತ್ತಿಯ ಎಳೆ ಹಿಡಿದೆ. ಎಳೆ ಅಲ್ಲಾಡಲಿಲ್ಲ, ಅಂದರೆ ಮುಂದಿನ ಕವಾಟ ಸರಿ ಇದೆ. ಸಾಬೂನು ನೊರೆ ಮಾಡಿ ಸಂದುಗಳಿಗೆಲ್ಲ ಹಚ್ಚಿದೆ. ಗುಳ್ಳೆ ಬರಲಿಲ್ಲ. ಹಿಡಿಕೆ ಮಾತ್ರ ಒಂದು ಸಲ ತಾನಾಗಿ ಎದ್ದು ನನ್ನ ಗಲ್ಲಕ್ಕೆ ಬಡಿಯಿತು. ಕಳ್ಳ ಸಿಕ್ಕ! ಪಂಪಿನ ಗುಂಜು, ಅಂದರೆ ಹಿಡಿಕೆಯ ಜೊತೆ ಒಳಗೆ ಹೊರಗೆ ಓಡುವ ಸರಳು, ಹೊರಗೆಳೆದೆ. ಹಿಂದಿನ ಕವಾಟದ ಬಾಯಲ್ಲಿ ಮರಳಿನ ಒಂದು ಹರಳು. ಅದನ್ನು ರೇಷ್ಮೆ ಚೂರಿನಿಂದ ಒರೆಸಿ ತೆಗೆದೆ. ಆದರೆ ನಿಜವಾದ ರೋಗ ಅದಲ್ಲ. ಗುಂಜಿನ ತುದಿಯಲ್ಲಿದ್ದ ಬಟ್ಟಲಿನಾಕಾರದ ತೊಗಲಿನ ವಾಶರ್ ಒಣಗಿ, ಸಿಡಿದು, ಬೆರಳಿಗೆ ತಾಗಿದ ಕೂಡಲೇ ಪುಡಿಯಾಯಿತು. ಸ್ಟವ್‌ನ ವಾಶರ್ ಇಟ್ಟು ನೋಡಿದೆ. ಸಣ್ಣದಾಯಿತು, ತೆಳುವೂ ಆಯಿತು. ಇದಕ್ಕೆ ದಪ್ಪ ತೊಗಲನ್ನು ಅಳತೆಗೆ ಕತ್ತರಿಸಿ, ಅಚ್ಚಿನಲ್ಲಿ ಒತ್ತಿ, ಎಣ್ಣೆಯಲ್ಲಿ ನೆನೆಹಾಕಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಅತ್ತೆ ಮಡಿ ಅಂದರೆ ಮಡಿ. ಚಪ್ಪಲಿ ಜಗಲಿಯ ಮೆಟ್ಟಿಲಿನ ಆಚೆಗೇ. ಗಡಿಯಾರದ ತೊಗಲಿನ ಪಟ್ಟಿ ಬಿಚ್ಚಿಟ್ಟೇ ನನ್ನ ಗಂಡ ಊಟಕ್ಕೆ ಕೂರಬೇಕು. ಆದರೆ ಒಳ ಹಜಾರದಲ್ಲಿ ಕಾಫಿಗೆ ಅಂತ ಇಟ್ಟಿದ್ದ ಪಂಪ್ ಸ್ಟವ್‌ನ ಹೊಟ್ಟೆಯಲ್ಲಿ ಇದೇ ತೊಗಲಿತ್ತಲ್ಲ? ಅದು ಅವರಿಗೆ ಗೊತ್ತಿರಲಿಲ್ಲ. ಅಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ಬಂದರೆ ಅದು ವಾಶರ್. ವಾಶರ್‌ಗೆ ಜಾತಿಯಿಲ್ಲ. ಮದರಾಸಿನಲ್ಲಿದ್ದ ನಮ್ಮವರ ಎಷ್ಟೋ ಮಡಿ ಮನೆಗಳಲ್ಲಿ ಹೀಗೇ ನಡೆದುಹೋಗುತ್ತಿತ್ತು. ನಾನೂ ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ಸ್ಟವ್ ಹೋಗಿ ಹೊಗೆ ಒಲೆಯ ಮುಂದೆ ನಾನೇ ಊದುತ್ತಾ ಕೂರಬೇಕಿತ್ತು.

ತೊಗಲಿಗೆ ಎಲ್ಲಿ ಹೋಗುವುದು? ನಮ್ಮ ಮನೆಗೆ ಪಾತ್ರೆ ತೊಳೆಯಲು ಒಬ್ಬಳು ಬರುತ್ತಿದ್ದಳು. ನನ್ನದೇ ವಯಸ್ಸು, ಎರಡು ತಿಂಗಳು ಆಚೆ ಈಚೆ. ಹಿತ್ತಿಲ ಬಾಗಿಲಿನಿಂದ ಬಂದು, ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕಿ ಬೋರಲು ಹಾಕಿ ಹೋಗುವಳು. ಆಮೇಲೆ ನಾವು ಅದಕ್ಕೆ ನೀರು ಚಿಮುಕಿಸಿ ಒಳಗೆ ತರುವುದು. ಮದರಾಸಿನಲ್ಲಿ ನನಗಿದ್ದ ಗೆಳತಿ ಅಂದರೆ ಅವಳೇ. ನನಗೆ ತಮಿಳು ಕಲಿಸಿದವಳು ಅವಳು. ನಾನು ತಪ್ಪು ಆಡಿದರೆ ಬೂದಿ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುವಳು. ಒಂದು ದಿನ ಪಾತ್ರೆ ತಿಕ್ಕುತ್ತಾ ಮೆಲ್ಲಗೆ ಹೇಳಿದ್ದಳು, ತನ್ನ ಗಂಡ ಮಾಧವರಂ ಕಡೆಯ ಒಂದು ತೊಗಲು ಹದಮಾಡುವ ಕಾರ್ಖಾನೆಗೆ ಹೋಗುತ್ತಾನೆ ಅಂತ. "ದೊಡ್ಡಮ್ಮನ ಹತ್ತಿರ ಕಂಪನಿ ಅಂತಷ್ಟೇ ಹೇಳಿದ್ದೇನೆ ಅಕ್ಕಾ. ನಿನ್ನ ಹತ್ತಿರ ಸುಳ್ಳು ಹೇಳಲು ಮನಸ್ಸಾಗುವುದಿಲ್ಲ" ಅಂದಿದ್ದಳು. ನಾನು ಅವಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ, ಯಾರಿಗೂ ಹೇಳುವುದಿಲ್ಲ ಅಂತ. ಕೈಯಿಟ್ಟದ್ದನ್ನು ಅತ್ತೆ ನೋಡಲಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಂಡೇ ಇಟ್ಟಿದ್ದು, ಅದೂ ನೆನಪಿದೆ.

ಅವಳನ್ನೇ ಕೇಳಿದೆ. ವಾಶರ್ ಕೂರುವ ಕೊಳವೆಯ ಅಳತೆಯನ್ನು ಕಾಗದದ ಮೇಲೆ ಬರೆದು ಕೊಟ್ಟೆ. ಎರಡು ದಿನದಲ್ಲಿ ಅವಳ ಗಂಡ ಚೊಕ್ಕವಾಗಿ ಕತ್ತರಿಸಿ, ಬಟ್ಟಲಿನಾಕಾರಕ್ಕೆ ಒತ್ತಿ, ನಡುವೆ ತೂತು ಹಾಕಿ, ಹಳೇ ಪೇಪರಿನಲ್ಲಿ ಸುತ್ತಿ ಕಳಿಸಿದ. ಯಂತ್ರದಲ್ಲಿ ಮಾಡಿದ ಹಾಗಿತ್ತು. ಅದನ್ನು ಬಚ್ಚಲುಮನೆಯ ಎಣ್ಣೆ ಬಟ್ಟಲಲ್ಲಿ ನೆನೆಹಾಕಿದೆ. ಬೆಳಗಾಗುವಾಗ ಬಟ್ಟಲು ಮಗುಚಿತ್ತು, ವಾಶರ್ ಇಲ್ಲ. ಹೆಗ್ಗಣ ಎಳೆದುಕೊಂಡು ಹೋಗಿತ್ತು! ಎಣ್ಣೆ ಕುಡಿದ ತೊಗಲೆಂದರೆ ಅದಕ್ಕೆ ಹಬ್ಬದೂಟ. ಅವಳಿಗೆ ಹೇಳಿದರೆ ಬಾವಿಕಟ್ಟೆಗೆ ಒರಗಿ ನಕ್ಕಳು. ಇನ್ನೊಂದು ತಂದುಕೊಟ್ಟಳು. "ಇದನ್ನಾದರೂ ಬೀಗ ಹಾಕಿ ಇಡು" ಅಂದಳು.

ಎಣ್ಣೆ ಬಟ್ಟಲಿಟ್ಟು ಬೀಗ ಹಾಕುವಂಥ ಜಾಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಅಡುಗೆಮನೆಯ ಜಾಲರಿ ಬೀರು. ಹಾಲು ಮೊಸರು ಇಡುವಂಥದ್ದು. ಹೆಗ್ಗಣ ಅಲ್ಲಿಗೆ ಬರುವುದಿಲ್ಲ. ಅತ್ತೆಯ ಮಡಿ ಅಡುಗೆಮನೆಯಲ್ಲಿ, ಹಾಲಿನ ಪಕ್ಕದಲ್ಲಿ, ಸಣ್ಣ ಕಂಚಿನ ಬಟ್ಟಲಿಗೆ ತೆಂಗಿನೆಣ್ಣೆ ಸುರಿದು, ಅದರೊಳಗೆ ವಾಶರ್ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿಟ್ಟೆ. ಆ ದಿನ ಏಕಾದಶಿ, ಅಡುಗೆಮನೆಗೆ ಕೆಲಸವಿಲ್ಲ, ಮರುದಿನ ಬೆಳಿಗ್ಗೆ ಬೇಗ ಎದ್ದು ತೆಗೆದುಬಿಡುತ್ತೇನೆ ಅಂತ ನನ್ನ ಎಣಿಕೆ. ಅತ್ತೆ ಹಬ್ಬ ಹರಿದಿನಗಳಲ್ಲಿ ಸೂರ್ಯನಿಗಿಂತ ಮೊದಲು ಏಳುತ್ತಾರೆ ಅನ್ನುವುದು ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ.

ದ್ವಾದಶಿಯ ಬೆಳಿಗ್ಗೆ ನಾನು ಕಣ್ಣುಜ್ಜಿಕೊಂಡು ಬರುವಾಗ ಅಡುಗೆ ಮುಗಿದೇ ಹೋಗಿತ್ತು. ಹಿಂದಿನ ದಿನ ಇಡೀ ಅತ್ತೆ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ದೇವರಿಗೆ ನೈವೇದ್ಯವಾಗಿ, ಮಾವನೂ ನನ್ನ ಗಂಡನೂ ಎಲೆಯ ಮುಂದೆ ಕೂತಿದ್ದರು. ಅತ್ತೆ ಅಗಸೆ ಸೊಪ್ಪಿನ ಪಲ್ಯಕ್ಕೆ ಮೇಲಿಂದ ಹಸಿ ಎಣ್ಣೆ ಹಾಕಲು ಡಬ್ಬ ತೆಗೆದರೆ ಅದು ಖಾಲಿ. ಜಾಲರಿ ಬೀರು ತೆರೆದರು. ಅವರ ದನಿ ನನಗೆ ಹಜಾರಕ್ಕೆ ಕೇಳಿಸಿತು. "ನೋಡಿ, ನನಗೆ ಅಂತ ಎಣ್ಣೆ ಬಗ್ಗಿಸಿ ಮುಚ್ಚಿಟ್ಟಿದ್ದಾಳೆ. ಸುಮ್ಮನೆ ಬೈತೇನೆ ಪಾಪದ ಹುಡುಗಿಗೆ."

ಓಡಿದೆ. ನಾನು ಹೊಸ್ತಿಲು ಮುಟ್ಟುವಷ್ಟರಲ್ಲಿ ಅತ್ತೆ ಬಟ್ಟಲು ಬಗ್ಗಿಸಿಯಾಗಿತ್ತು. ಎಣ್ಣೆಯ ಜೊತೆಗೆ ಆ ಕಂದು ವಾಶರ್ ಜಾರಿ, ಪಲ್ಯದ ಮೇಲೆ ಬಂದು ಕೂತಿತು.

ಅತ್ತೆ ಮೊದಲು ಅದನ್ನು ಏನೋ ಹಣ್ಣಿನ ಸಿಪ್ಪೆ ಅಂದುಕೊಂಡರು. ಬೆರಳಲ್ಲಿ ಎತ್ತಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ಕೈ ಬೆಂಕಿಗೆ ತಾಗಿದ ಹಾಗೆ ಕೊಡವಿ "ತೊಗಲು! ತೊಗಲು!" ಅಂತ ಕೂಗಿದ ಕೂಗು ಬೀದಿಗೆ ಕೇಳಿಸಿರಬೇಕು. ಮಾವ ಎಲೆ ಬಿಟ್ಟು ಎದ್ದರು. ಅತ್ತೆ ಒದ್ದೆ ಸೀರೆಯಲ್ಲಿ ನಡುಗುತ್ತಾ ನಿಂತಿದ್ದರು. ಅವರನ್ನು ನಾನು ಕೆಟ್ಟವರು ಅನ್ನುವುದಿಲ್ಲ. ಒಂದು ದಿನದ ಉಪವಾಸ ಮಾಡಿ, ದೇವರಿಗೆ ಇಟ್ಟು, ಬಡಿಸುವ ಕೈಯಲ್ಲಿ ಅದು ಬಂದರೆ ಅವರಂಥವರಿಗೆ ಏನಾಗಬೇಡ? ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿತ್ತು.

"ಇದು ಈ ಮನೆಯೊಳಗೆ ಹೇಗೆ ಬಂತು? ಹೇಳು! ಬಟ್ಟಲು ಇಟ್ಟವಳು ನೀನಲ್ವಾ?"

"ಎಣ್ಣೆ ಹಾಕಿಟ್ಟದ್ದು ನಾನು" ಅಂದೆ. ಅಷ್ಟು ನಿಜ ಬಂತು. ಅದರ ಮುಂದಿನದನ್ನು ಬಚ್ಚಿಟ್ಟೆ.

"ಬಟ್ಟಲು ತೊಳೆದವಳು?"

"ಅವಳು."

"ಅವಳ ಕೈಗೆ ತೊಗಲು ಎಲ್ಲಿಂದ ಬರ್ತದೆ?"

ನಾನು ಗೊತ್ತಿಲ್ಲ ಅನ್ನಬಹುದಿತ್ತು. ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಎಂಥ ಪುಣ್ಯವಾಗುತ್ತಿತ್ತು! ನಾನು ಬಾಯಿ ತೆರೆದು, "ಅವಳ ಗಂಡ ತೊಗಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ ಅತ್ತೆ" ಅಂದೆ. ಸುಳ್ಳಲ್ಲ. ಒಂದಕ್ಷರ ಸುಳ್ಳಲ್ಲ. ನನ್ನ ಬಾಯಿಂದ ಅವತ್ತು ಹೊರಟ ಅತ್ಯಂತ ನೀಚ ಮಾತು ಅದೊಂದೇ, ಮತ್ತು ಅದು ಅಪ್ಪಟ ನಿಜವಾಗಿತ್ತು.

ಯಾಕೆ ಹೇಳಿದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿಕೆ ಅಂತ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೊಸ ಸೊಸೆ, ದೂರದ ಊರು, ತವರಿಗೆ ಕಳಿಸಿಬಿಡುತ್ತಾರೋ ಏನೋ. ಅದೆಲ್ಲ ಬುರುಡೆ. ಅತ್ತೆ ಬೈಯುತ್ತಿದ್ದರು, ಒಂದು ತಿಂಗಳು ಮಾತು ಬಿಡುತ್ತಿದ್ದರು, ನನಗೆ ಪಂಚಗವ್ಯ ಕುಡಿಸುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಕೆಲವು ಕ್ಷಣ ಮೊದಲಷ್ಟೇ ಅವರು ನನ್ನನ್ನು ಹೊಗಳಿದ್ದರು ನೋಡಿ. ಆ ಮನೆಗೆ ಬಂದು ಅಷ್ಟು ದಿನದಲ್ಲಿ ಅದೇ ಮೊದಲು. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಇಷ್ಟು ಸಣ್ಣದಕ್ಕೆ!

ಅವಳು ಮಾಮೂಲಿನ ಹಾಗೆ ಹಿತ್ತಿಲ ಬಾಗಿಲಿಗೆ ಬಂದಳು. ತಲೆಗೆ ಒಂದು ಎಳೆ ಕನಕಾಂಬರ ಮುಡಿದಿದ್ದಳು. ಅತ್ತೆ ಒಳಗಿನಿಂದಲೇ ಶುರುಮಾಡಿದರು. ತಮಿಳಿನಲ್ಲಿ ಒಂದು ಮಾತು, ಕನ್ನಡದಲ್ಲಿ ನಾಲ್ಕು. ಸುಳ್ಳು ಹೇಳಿ ಮನೆ ಹೊಕ್ಕವಳೇ, ನನ್ನ ದ್ವಾದಶಿ ಹಾಳುಮಾಡಿದವಳೇ, ಬಟ್ಟಲಲ್ಲಿ ತೊಗಲು ಹಾಕಿ ನಮ್ಮ ಕುಲ ಕೆಡಿಸಲು ನೋಡಿದವಳೇ. ಅವಳಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಹಿತ್ತಿಲ ಅಂಗಳದಲ್ಲಿ ಬಿದ್ದಿದ್ದ ವಾಶರ್ ಕಂಡಿತು. ಅತ್ತೆ ಅದನ್ನು ಇಕ್ಕಳದಿಂದ ಎಸೆದಿದ್ದರು.

ಅವಳು ನನ್ನನ್ನು ನೋಡಿದಳು.

ನಾನು ಅತ್ತೆಯ ಹಿಂದೆ ನಿಂತಿದ್ದೆ. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ನಾನು ಈಗ ಹೇಳುತ್ತೇನೆ, ಇಗೋ ಈಗ ಹೇಳುತ್ತೇನೆ ಅಂತ ಕಾಯುವ ಮುಖ ಅದು. ನಾನು ತಲೆ ತಗ್ಗಿಸಿ ನನ್ನ ಕಾಲುಂಗುರ ನೋಡಿದೆ. "ನಾನು ಹಾಕಲಿಲ್ಲಮ್ಮಾ" ಅಂತ ಅವಳು ಅತ್ತೆಗೆ ಒಂದೇ ಸಲ ಹೇಳಿದಳು. ನಿಮ್ಮ ಸೊಸೆಯೇ ಕೇಳಿ ತರಿಸಿಕೊಂಡದ್ದು ಅಂತ ಅವಳು ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು ಅನ್ನುವುದು ಬೇರೆ ಮಾತು. ಅವಳು ಹೇಳಲಿಲ್ಲ.

"ಅವಳು ನಿಂತ ಜಾಗಕ್ಕೆ ನೀರು ಹಾಕು" ಅಂದರು ಅತ್ತೆ ನನಗೆ. ಬಾವಿಯಿಂದ ಸೇದಿ ಹಾಕಿದೆ. ಅವಳು ಇನ್ನೂ ಹಿತ್ತಿಲ ಬಾಗಿಲು ದಾಟಿರಲಿಲ್ಲ. ನಾನು ಹಾಕಿದ ನೀರು ಹರಿದು ಅವಳ ಹಿಮ್ಮಡಿಗೆ ತಾಗಿತು. ಒಂದು ಸಲ ಕಾಲೆತ್ತಿ ನೋಡಿಕೊಂಡಳು, ಹೊರಟುಹೋದಳು.

ಅತ್ತೆ ಅವತ್ತೂ ಊಟ ಮಾಡಲಿಲ್ಲ. ಎರಡನೇ ದಿನದ ಉಪವಾಸ. ಸಂಜೆಗೆ ತಲೆ ತಿರುಗಿ ಗೋಡೆ ಹಿಡಿದು ಕೂತರು. ನಾನು ಅವರ ಅಂಗಾಲು ಉಜ್ಜಿದೆ. "ನೀನೊಬ್ಬಳು ಇದ್ದೀಯಲ್ಲ" ಅಂದರು. ನಾನು ಉಜ್ಜುತ್ತಲೇ ಇದ್ದೆ.

ಇನ್ನು ಹೇಳಲು ನಾಲಿಗೆ ಏಳದ ಮಾತು. ಮೂರನೇ ದಿನ, ಎಲ್ಲರೂ ಮಧ್ಯಾಹ್ನ ಮಲಗಿದ್ದಾಗ, ನಾನು ಅಂಗಳದ ಮೂಲೆಯಿಂದ, ಹೆಗ್ಗಣಕ್ಕೂ ಸಿಗದೆ ಉಳಿದಿದ್ದ ಆ ವಾಶರ್ ಹೆಕ್ಕಿದೆ. ಒಳ್ಳೇ ತೊಗಲು, ಚೆನ್ನಾಗಿ ಎಣ್ಣೆ ಕುಡಿದು ಮೆತ್ತಗಾಗಿತ್ತು. ತೊಳೆದು, ಒರೆಸಿ, ಗುಂಜಿಗೆ ಸಿಕ್ಕಿಸಿ ತಿರುಪು ಬಿಗಿಮಾಡಿದೆ. ಹಿಡಿಕೆ ಒತ್ತಿದರೆ ಆಹಾ, ಎಂಥ ಬಿಗಿ! ಹತ್ತು ಸಲ ಒತ್ತಿ ಅರ್ಧ ದಿನ ಇಟ್ಟರೂ ಒಂದು ಉಸಿರು ಗಾಳಿ ಸೋರಲಿಲ್ಲ. ಭಾನುವಾರ ಮಾವ ಮೊದಲ ಏಟಿಗೇ ಡಬ್ಬ ಹಾರಿಸಿದರು. ಪಕ್ಕದ ತಾರಸಿಯಿಂದ ಚಪ್ಪಾಳೆ. ನನಗೆ ಎರಡು ಮಾತು ಕಲಿಸಿಕೊಡಲೂ ಅವಕಾಶ ಸಿಕ್ಕಿತು. ಕೋವಿಯನ್ನು ಪೂರ್ತಿ ಖಾಲಿ ಮಾಡಿ ಇಡಬೇಡಿ ಮಾವ, ಒಳಗೆ ಎರಡು ಒತ್ತು ಗಾಳಿ ಇದ್ದರೆ ಕವಾಟ ಕೂತ ಜಾಗ ಬಿಡುವುದಿಲ್ಲ, ಧೂಳು ಹೋಗುವುದಿಲ್ಲ, ಆದರೆ ಒಳಗೆ ಗಾಳಿ ಇದೆ ಅನ್ನುವುದನ್ನು ಮರೆತು ಯಾರ ಕಡೆಗೂ ತಿರುಗಿಸಬೇಡಿ, ತಿಂಗಳಿಗೊಮ್ಮೆ ವಾಶರ್‌ಗೆ ಎರಡು ತೊಟ್ಟು ಎಣ್ಣೆ. ಮಾವ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ವಾಶರ್ ಎಲ್ಲಿ ಸಿಕ್ಕಿತು ಅಂತ ಅವರು ಕೇಳಲಿಲ್ಲ. ಆಫೀಸಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯ, ಗೊತ್ತಾಗದೆ ಇರಲಿಕ್ಕಿಲ್ಲ. ಕೇಳದಿದ್ದರೆ ಭಾನುವಾರಕ್ಕೆ ಭಂಗವಿಲ್ಲ.

ಆರೇಳು ತಿಂಗಳು ಕಳೆಯಿತು. ಬಾವಿಕಟ್ಟೆಯಲ್ಲಿ ಈಗ ಬೇರೊಬ್ಬಳು ಪಾತ್ರೆ ತಿಕ್ಕುತ್ತಿದ್ದಳು, ಮುದುಕಿ, ಮಾತೇ ಆಡುವವಳಲ್ಲ. ಅವಳ ಹತ್ತಿರ ವಿಚಾರಿಸಿದಾಗ ತಿಳಿಯಿತು, ಆ ಗಂಡಹೆಂಡತಿ ಇಲ್ಲಿಯ ಗುಡಿಸಲು ಬಿಟ್ಟು ಮಾಧವರಂ ಕಡೆಗೇ ಹೋಗಿಬಿಟ್ಟರಂತೆ. ನಮ್ಮ ಬೀದಿಯಲ್ಲಿ ಅವಳಿಗೆ ಯಾರೂ ಕೆಲಸ ಕೊಡಲಿಲ್ಲವಂತೆ. ಯಾಕೆ ಕೊಡುತ್ತಾರೆ? ಅತ್ತೆ ಮನೆ ಮನೆಗೂ ಹೇಳಿ ಬಂದಿದ್ದರು. ನನಗೆ ಅನ್ನ ಸೇರದಾಯಿತು. ಹೋಗಿ ಅವಳ ಕಾಲು ಹಿಡಿಯಬೇಕು, ಅಲ್ಲಿಯವರೆಗೆ ನನಗೆ ನೆಮ್ಮದಿಯಿಲ್ಲ ಅನ್ನಿಸಿತು. ಒಂದು ದಿನ ಪ್ಯಾರೀಸ್ ಕಾರ್ನರ್‌ಗೆ ಹೋಗಿ ಸ್ಟವ್ ಪಿನ್ ತರುತ್ತೇನೆ ಅಂತ ಮನೆಯಲ್ಲಿ ಹೇಳಿ ಹೊರಟೆ. ಪ್ಯಾರೀಸ್ ಕಾರ್ನರ್‌ನಲ್ಲಿ ಪಿನ್ ಕೊಂಡೆ, ಅಲ್ಲಿಂದ ಮಾಧವರಂ ಬಸ್ಸು ಹತ್ತಿದೆ.

ಕಾರ್ಖಾನೆಯ ವಾಸನೆಯೇ ದಾರಿ ತೋರಿಸಿತು. ಕೇಳಿಕೊಂಡು ಕೇಳಿಕೊಂಡು ಒಂದು ಓಲೆ ಗುಡಿಸಲಿನ ಮುಂದೆ ನಿಂತೆ. ಹೊರಗೆ ಒಬ್ಬ ಸಣಕಲ ಮನುಷ್ಯ ಕೂತು ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದ. ಕೈಯೆಲ್ಲ ಮೊಣಕೈವರೆಗೆ ಕಂದು ಬಣ್ಣ. ನಾನು ಯಾರೆಂದು ಹೇಳಿದ ಕೂಡಲೇ ದಡಬಡಿಸಿ ಎದ್ದು, ಟವಲಿನಿಂದ ಒಂದು ಮಣೆ ಒರೆಸಿ ಇಟ್ಟ. ಅವನ ಮುಖ ಅರಳಿತು.

"ಅಮ್ಮಾ, ಆ ವಾಶರ್ ಸರಿಯಾಗಿ ಕೂತಿತಾ? ಗಾಳಿ ನಿಲ್ಲುತ್ತಾ?"

ಅವನಿಗೆ ಗೊತ್ತಿಲ್ಲ! ಅವನು ಹೇಳುತ್ತಲೇ ಹೋದ. ಬೆನ್ನಿನ ಭಾಗದ ತೊಗಲು ಅಮ್ಮಾ, ಹೊಟ್ಟೆಯದಾದರೆ ಹಿಗ್ಗಿಬಿಡುತ್ತದೆ. ಅಚ್ಚಿಲ್ಲದ್ದಕ್ಕೆ ಸೀಸೆಯ ಬಿರಡೆಯ ಮೇಲೆ ಒತ್ತಿ ಕಟ್ಟಿ ಒಣಗಿಸಿದೆ. ಕೋವಿಗೆ ಅಂತ ಇದುವರೆಗೆ ಮಾಡಿದವನಲ್ಲ, ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. "ನಿಮ್ಮ ಊರಿನಿಂದ ನೆಂಟರು ಬಂದು ಮನೆಗೆಲಸಕ್ಕೆ ನಿಂತರಂತಲ್ಲ, ಇವಳು ಹೇಳಿದಳು. ಹೋಗಲಿ ಬಿಡಿ, ದೊಡ್ಡಮ್ಮ ಚೆನ್ನಾಗಿದ್ದಾರಾ?"

ಒಳಗಿನಿಂದ ಅವಳು ಬಂದು ಬಾಗಿಲ ಕಂಬ ಹಿಡಿದು ನಿಂತಿದ್ದಳು. ಸೊರಗಿದ್ದಳು. ಗಂಡ ಮಾಡಿಕೊಟ್ಟ ವಸ್ತುವಿನಿಂದಲೇ ಹೀಗಾಯಿತು ಅಂತ ಅವನಿಗೆ ತಿಳಿಯಬಾರದೆಂದು ಅವಳು ಎಲ್ಲವನ್ನೂ ನುಂಗಿಕೊಂಡಿದ್ದಾಳೆ ಅನ್ನುವುದು ನನಗೆ ಆಗ ಹೊಳೆಯಿತು. ನಾನು ಅಲ್ಲಿ ಅವಳ ಕಾಲು ಹಿಡಿದರೆ ಅದೂ ಹೊರಬೀಳುತ್ತದೆ.

"ಚೆನ್ನಾಗಿ ಕೂತಿದೆ. ಒಂದು ಉಸಿರೂ ಸೋರುವುದಿಲ್ಲ" ಅಂದೆ.

"ಸವೆದರೆ ಹೇಳಿ ಕಳಿಸಿ, ಇನ್ನೊಂದು ಮಾಡಿಕೊಡುತ್ತೇನೆ" ಅಂತ ಅವನು ಹಲ್ಲು ಬಿಟ್ಟು ನಕ್ಕ.

ಅವಳು ನನ್ನನ್ನು ಬಸ್ಸಿನ ತನಕ ಬಿಡಲು ಬಂದಳು. ದಾರಿಯಲ್ಲಿ ನಾಲ್ಕು ಹೆಜ್ಜೆಗೆ ನನಗೆ ತಡೆಯಲಾಗಲಿಲ್ಲ. ಅಳು ನುಗ್ಗಿತು. ಎಲ್ಲವನ್ನೂ ಹೇಳಿದೆ, ಆಣೆ ಮುರಿದದ್ದು, ನೀರು ಹಾಕಿದ್ದು, ವಾಶರ್ ಹೆಕ್ಕಿದ್ದು, ಒಂದನ್ನೂ ಬಿಡಲಿಲ್ಲ. ತಪ್ಪೆಲ್ಲ ನನ್ನದು, ನಿನ್ನದು ಒಂದು ಚೂರೂ ಇಲ್ಲ ಅಂದೆ. ಅವಳು ನಡೆಯುತ್ತಲೇ ಕೇಳಿದಳು. ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. ಬಸ್ಸು ನಿಲ್ಲುವ ಜಾಗಕ್ಕೆ ಬಂದ ಮೇಲೆ ಕೇಳಿದಳು.

"ಇಲ್ಲಿಗೆ ಬರುವುದು ಮನೆಯಲ್ಲಿ ಗೊತ್ತಾ?"

"ಇಲ್ಲ" ಅಂದೆ. "ಪ್ಯಾರೀಸ್ ಕಾರ್ನರ್ ಅಂತ ಹೇಳಿದ್ದೇನೆ."

"ನೀನು ಹೇಳಿದ್ದೆಲ್ಲ ನನಗೆ ಮೊದಲೇ ಗೊತ್ತು ಅಕ್ಕಾ. ಗೊತ್ತಿರುವವಳಿಗೆ ಹೇಳಲು ಇಷ್ಟು ದೂರ ಬಂದೆ. ಗೊತ್ತಿಲ್ಲದವರು ನಿನ್ನ ಮನೆಯಲ್ಲೇ ಇದ್ದಾರೆ" ಅಂದಳು. ಬಸ್ಸು ಬಂತು. ಹತ್ತಿ ತಿರುಗಿ ನೋಡುವಾಗ ಅವಳು ಹೋಗಿಯಾಗಿತ್ತು.

ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡೆ. ಹೋದ ಕೂಡಲೇ ಹೇಳಬೇಕು, ಚಪ್ಪಲಿ ಬಿಡುವ ಮೊದಲೇ ಹೇಳಬೇಕು. ಅತ್ತೆ ಜಗಲಿಯಲ್ಲಿ ನನಗಾಗಿ ಕಾದು ಕೂತಿದ್ದರು. ಬಿಸಿಲಲ್ಲಿ ಒಣಗಿ ಬಂದೆಯಲ್ಲೇ, ಮೊದಲು ಮಜ್ಜಿಗೆ ಕುಡಿ ಅಂತ ಲೋಟ ಕೈಗಿಟ್ಟರು. "ಹೋದ ಕೆಲಸ ಆಯ್ತಾ?" ಅಂತ ಕೇಳಿದರು.

"ಆಯ್ತು ಅತ್ತೆ" ಅಂದೆ, ಮಜ್ಜಿಗೆ ಕುಡಿದೆ.

ಅತ್ತೆ ಅದಾದ ಮೇಲೆ ಒಂಬತ್ತು ವರ್ಷ ಇದ್ದರು. ದಿನವೂ ಒಂದೇ ಅಡುಗೆಮನೆಯಲ್ಲಿ, ನಾನು ಮತ್ತು ಅವರು.